ಸೊಂಟದ ಬೆಲ್ಟ್ ಕೂತ ತಕ್ಷಣ ಪಕ್ಕೆಲುಬಿಗೆ ಏರುತ್ತೆ: ಸೈಜ್ ತಪ್ಪಾ, ಕಟ್ಟೋದು ತಪ್ಪಾ?

ಮಂಡಿ ಮಗಳು, ಕೋಲಾರ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 57 ವರ್ಷ. ಕೋಲಾರ ಎಪಿಎಂಸಿಯಲ್ಲಿ ಟೊಮೇಟೊ ಬಾಕ್ಸ್ ಲೋಡ್ ಮಾಡ್ತಾರೆ, ಒಂದೊಂದು 15 ಕೆಜಿ. ಮೂರು ತಿಂಗಳ ಹಿಂದೆ ಸೊಂಟ ಹಿಡ್ಕೊಂಡಿತು. ಡಾಕ್ಟರ್ ಎಕ್ಸ್‌ರೇ ನೋಡಿ ಮೂಳೆಗೇನೂ ಆಗಿಲ್ಲ ಅಂದ್ರು, ಮೂರು ವಾರಕ್ಕೆ ಅಂತ ಎಲ್‌ಎಸ್ ಬೆಲ್ಟ್, ಅಂದ್ರೆ ಸೊಂಟಕ್ಕೆ ಕಟ್ಟೋ ಅಗಲದ ಬೆಲ್ಟ್ ಬರೆದುಕೊಟ್ರು. ಅಂಗಡಿಯಲ್ಲಿ ಪ್ಯಾಂಟ್ ಸೈಜ್ ಕೇಳಿದ್ರು. 36 ಅಂದಿದ್ದಕ್ಕೆ ಎಂ ಸೈಜ್ ಕೊಟ್ಟು ಕಳಿಸಿದ್ರು.

ನಿಂತಾಗ ಚೆನ್ನಾಗೇ ಇರುತ್ತೆ. ಟೀ ಕುಡಿಯೋಕೆ ಕೂತರೆ ಸಾಕು, ಮೇಲೇರಿ ಪಕ್ಕೆಗೆ ಒತ್ತುತ್ತೆ. ಬಿಗಿ ಮಾಡಿದ್ರೆ ಎದೆ ಉರಿ, ಸಡಿಲ ಮಾಡಿದ್ರೆ ಇನ್ನೂ ಏರುತ್ತೆ. ಈಗ ಅದಿಲ್ಲದೆ ಕೆಲಸಕ್ಕೆ ಹೋಗೋಕೇ ಹೆದರ್ತಾರೆ, ಬೆಳಗ್ಗೆ 5ಕ್ಕೆ ಕಟ್ಟಿದ್ರೆ ಬಿಚ್ಚೋದು ಮನೆಗೆ ಬಂದ ಮೇಲೇನೆ. ದೊಡ್ಡ ಸೈಜ್ ತರಬೇಕಾ?

ಬೆಲ್ಟ್ ಕೆಲಸದವ, ತುಮಕೂರು

ನೋಡಮ್ಮ, ಹದಿನೈದು ವರ್ಷದಿಂದ ಇದೇ ಕೆಲಸ ನಂದು. ಪ್ಯಾಂಟ್ ಸೈಜ್ ಕೇಳಿ ಬೆಲ್ಟ್ ಕೊಡೋದು ಕಂಡ್ರೆ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ. ನಮ್ಮ ಗಂಡಸರು ಪ್ಯಾಂಟನ್ನ ಹೊಟ್ಟೆ ಕೆಳಗೆ ಹಾಕ್ತಾರೆ, ಬೆಲ್ಟ್ ಹೊಟ್ಟೆ ಮೇಲೆ ಬರುತ್ತೆ. ಅಪ್ಪನ್ನ ನಿಲ್ಲಿಸಿ, ಉಸಿರು ಸಹಜವಾಗಿ ಬಿಡಿಸಿ, ಹೊಕ್ಕಳಿನ ಮೇಲೆ ಟೇಪ್ ಸುತ್ತು. ಎಳೆಯಬೇಡ, ಸುಮ್ನೆ ಮುಟ್ಟಿದ ಹಾಗಿರಲಿ. ಬಂದ ಇಂಚನ್ನ ಡಬ್ಬದ ಮೇಲಿರೋ ಪಟ್ಟಿಗೆ ಹೋಲಿಸು. ಒಂದು ಕಂಪನಿಯ ಎಲ್ ಇನ್ನೊಂದು ಕಂಪನಿಯ ಎಲ್ ಅಲ್ಲ, ಎಲ್ಲಿ ಅಳೆಯಬೇಕು ಅನ್ನೋದನ್ನೂ ಡಬ್ಬದ ಮೇಲೇ ಓದ್ಕೋ.

ಆಮೇಲೆ ಜಾಗ. ಎರಡೂ ಕೈ ಸೊಂಟದ ಪಕ್ಕಕ್ಕಿಟ್ಟು ಒತ್ತಿದ್ರೆ ಗಟ್ಟಿ ಮೂಳೆ ಸಿಗುತ್ತಲ್ಲ, ಅದರ ನೆತ್ತಿಯಿಂದ ಬೆನ್ನಿಗೆ ಅಡ್ಡ ಗೆರೆ ಎಳೆದ್ರೆ ಸುಮಾರಾಗಿ ಸೊಂಟದ ನಾಲ್ಕನೇ ಮೂಳೆ ಹತ್ರ ಬರುತ್ತೆ. ಬೆಲ್ಟಿನ ಹಿಂಭಾಗದ ನಡು ಆ ಗೆರೆಯ ಆಸುಪಾಸಿನಲ್ಲಿ ಕೂರಬೇಕು. ಕೆಳ ಅಂಚು ಪೃಷ್ಠದ ಮೇಲ್ಭಾಗ ಮುಚ್ಚಬೇಕು. ಕೂತಾಗ ಮುಂದಿನ ಕೆಳ ಅಂಚಿಗೂ ತೊಡೆಗೂ ಒಂದೆರಡು ಬೆರಳು ಜಾಗ ಇರಬೇಕು. ತೊಡೆ ತಗುಲಿದ್ರೆ ಅದೇ ಬೆಲ್ಟನ್ನ ಮೇಲಕ್ಕೆ ತಳ್ಳುತ್ತೆ. ಬೆಲ್ಟಿನ ಹಿಂಭಾಗದಲ್ಲಿ ಹೊಲಿದಿರೋ ಗಟ್ಟಿ ಕಡ್ಡಿಗಳ ಬಾಗು ಬೆನ್ನಿನ ಒಳಬಾಗಿಗೆ ಕೂಡಬೇಕು. ಬೆಲ್ಟ್ ತಲೆಕೆಳಗಾಗಿದ್ರೆ ಕಡ್ಡಿಗೂ ಬೆನ್ನಿಗೂ ನಡುವೆ ಕೈ ತೂರುತ್ತೆ.

ಮಲಗಿ ಕಟ್ಟೋದು ಒಳ್ಳೇದು. ಮಂಚದ ಮೇಲೆ ಬೆಲ್ಟ್ ಹರಡಿ, ಅದರ ಮೇಲೆ ಅಪ್ಪ ಮಲಗಿ, ಮೊಣಕಾಲು ಮಡಚಲಿ. ಮೊದಲು ಮುಂದಿನ ಅಗಲದ ಪಟ್ಟಿ ಅಂಟಿಸಿ. ಆಮೇಲೆ ಪಕ್ಕದ ಎರಡು ಎಲಾಸ್ಟಿಕ್ ಪಟ್ಟಿಗಳನ್ನ ಒಟ್ಟಿಗೆ, ಒಂದೇ ಜೋರಲ್ಲಿ ಮುಂದಕ್ಕೆ ಎಳೆದು ಅಂಟಿಸಿ. ಒಳಗೆ ಎರಡು ಬೆರಳು ಹೋಗಬೇಕು. ದೀರ್ಘ ಉಸಿರು ತಗೊಂಡ್ರೆ, ಕೆಮ್ಮಿದ್ರೆ ಕಷ್ಟ ಆಗಬಾರದು. ಎದೆ ಉರಿ ಬರ್ತಿದೆ ಅಂದ್ರೆ ಹೊಟ್ಟೆ ಮೇಲೆ ಒತ್ತಡ ಜಾಸ್ತಿಯಾಗಿದೆ. ಹರ್ನಿಯಾ ಅಥವಾ ಬಿಪಿ ಇದ್ರೆ ಡಾಕ್ಟರನ್ನ ಕೇಳದೆ ಬಿಗಿ ಮಾಡಬೇಡಿ.

ಇಷ್ಟು ಮಾಡಿ ಪರೀಕ್ಷೆ ಮಾಡು. ಬನಿಯನ್ ಮೇಲೆ ಬೆಲ್ಟಿನ ಮೇಲಂಚಿಗೆ ಸೇರಿಸಿ ಪೆನ್ನಲ್ಲಿ ಗೆರೆ ಎಳಿ. ಹತ್ತು ನಿಮಿಷ ಕುರ್ಚಿ ಮೇಲೆ ಕೂರಿಸು, ಎದ್ದು ಓಡಾಡಲಿ, ಮೊಣಕಾಲು ಬಗ್ಗಿಸಿ ನೆಲದ ಮೇಲಿನ ಚಪ್ಪಲಿ ಎತ್ತಲಿ. ಅರ್ಧ ಗಂಟೆ ಆದ್ಮೇಲೆ ಗೆರೆಯಿಂದ ಎಷ್ಟು ಸರಿದಿದೆ ನೋಡು. ಬಿಚ್ಚಿದ ಮೇಲೆ ಚರ್ಮದ ಕೆಂಪು ಅರ್ಧ ಗಂಟೆಯೊಳಗೆ ಮಾಯವಾಗಬೇಕು. ತೊಡೆಯ ಹೊರಭಾಗ ಜುಮ್ಮೆಂದ್ರೆ ಕೆಳ ಅಂಚು ನರ ಒತ್ತುತ್ತಿರಬಹುದು, ತಕ್ಷಣ ಸಡಿಲ ಮಾಡಿ.

ಮಂಡಿ ಮಗಳು, ಕೋಲಾರ

ಅಣ್ಣ, ತುಂಬಾ ಥ್ಯಾಂಕ್ಸ್. ಹೊಕ್ಕಳ ಹತ್ರ 40 ಇಂಚು ಬಂತು! ಡಬ್ಬದ ಪ್ರಕಾರ ಎಲ್ ಸೈಜ್‌ನ ಕೊನೆ. ಬದಲಾಯಿಸಿ ತಂದೆ. ಮನೆಯಲ್ಲಿ ಗೆರೆ ಪರೀಕ್ಷೆ ಮಾಡಿದ್ರೆ ಅರ್ಧ ಬೆರಳೂ ಸರಿದಿರಲಿಲ್ಲ. ಆದ್ರೆ ಮಂಡಿಯಿಂದ ವಾಪಸ್ ಬಂದಾಗ ಮತ್ತೆ ನಾಲ್ಕು ಬೆರಳು ಮೇಲೆ! ಏನು ಮಾಡ್ಲಿ?

ಬೆಲ್ಟ್ ಕೆಲಸದವ, ತುಮಕೂರು

ಮನೆಯಲ್ಲಿ ಏನು ಉಟ್ಟಿದ್ರು, ಮಂಡಿಯಲ್ಲಿ ಏನು ಉಡ್ತಾರೆ?

ಮಂಡಿ ಮಗಳು, ಕೋಲಾರ

ಮನೆಯಲ್ಲಿ ಪ್ಯಾಂಟ್ ಹಾಕ್ಸಿದ್ದೆ. ಮಂಡಿಗೆ ಹೋಗೋದು ಲುಂಗಿಯಲ್ಲಿ, ಮೊಣಕಾಲಿನ ತನಕ ಎತ್ತಿ ಕಟ್ಟಿರ್ತಾರೆ. ಒಳಗೆ ಪಟಾಪಟಿ ಚಡ್ಡಿ, ಅದರ ಜೇಬಲ್ಲಿ ಬೀಡಿ ಕಟ್ಟು, ದುಡ್ಡು.

ಬೆಲ್ಟ್ ಕೆಲಸದವ, ತುಮಕೂರು

ಸಿಕ್ತು. ಎತ್ತಿ ಕಟ್ಟಿದ ಲುಂಗಿಯ ಸುರುಳಿ ಬೆಲ್ಟಿನೊಳಗೆ ಸೇರಿಕೊಂಡಿದೆ. ಕೂತಾಗ ಆ ದಪ್ಪ ಸುರುಳಿ ಮೇಲಕ್ಕೆ ಉರುಳುತ್ತೆ, ಜೊತೆಗೆ ಬೆಲ್ಟೂ ಏರುತ್ತೆ. ಹತ್ತಿ ಬನಿಯನ್ ಮೇಲೆ ಮೊದಲು ಬೆಲ್ಟ್ ಕಟ್ಟಿ, ಲುಂಗಿ ಅದರ ಮೇಲೆ ಬರಲಿ. ಬನಿಯನ್ ಎಲ್ಲೂ ಮುದುಡಿರಬಾರದು. ದುಡ್ಡು ಅಂಗಿ ಜೇಬಿಗೆ ಹೋಗಲಿ.

ಫಿಸಿಯೋ, ಚಿಕ್ಕಬಳ್ಳಾಪುರ

ಅಣ್ಣ ಹೇಳಿದ್ದೆಲ್ಲ ಸರಿ. ಆದ್ರೆ ನಂಗೆ ಚಿಂತೆ ಆಗಿರೋದು ಮೂರು ವಾರದ ಬೆಲ್ಟ್ ಮೂರು ತಿಂಗಳಾಗಿರೋದು. ಡಾಕ್ಟರ್‌ಗಳಿಗೆ ಚಿಕಿತ್ಸೆಯ ಸಲಹೆ ಕೊಡೋ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2016ರ ಮಾರ್ಗಸೂಚಿ, ಸಾಮಾನ್ಯ ಸೊಂಟನೋವಿಗೆ ಬೆಲ್ಟ್ ಕೊಡಲೇಬೇಡಿ ಅನ್ನುತ್ತೆ. ಆಪರೇಷನ್ ಆದವರ, ಮೂಳೆ ಮುರಿದವರ ಬ್ರೇಸ್ ವಿಷಯ ಬೇರೆ, ಅದನ್ನ ಸರ್ಜನ್ ಹೇಳಿದ ಹಾಗೇ ಹಾಕಬೇಕು. ನಿಮ್ಮಪ್ಪ ಬೆಲ್ಟ್ ಇದೆ ಅನ್ನೋ ಧೈರ್ಯದಲ್ಲಿ ಎರಡು ಬಾಕ್ಸ್ ಒಟ್ಟಿಗೆ ಎತ್ತುತ್ತಿದ್ದಾರಾ, ಕೇಳಿ ನೋಡಿ. ಅದೇ ದೊಡ್ಡ ಅಪಾಯ. ಬೆಲ್ಟ್ ಭಾರ ಹೊರೋದಿಲ್ಲ, ಹೊರೋದು ಬೆನ್ನೇ.

ಒಂದೇ ಸಲ ಬಿಡಿಸಬೇಡಿ, ಹೆದರ್ತಾರೆ. ಈ ವಾರ ಲೋಡಿಂಗ್ ಹೊತ್ತಲ್ಲಿ ಮಾತ್ರ ಇರಲಿ. ಕೂತಾಗ, ಊಟಕ್ಕೆ, ನಿದ್ದೆಗೆ ಬೇಡ. ಆಮೇಲೆ ಲೋಡಿಂಗಲ್ಲೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ. ದಿನಾ ನಡಿಗೆ ಬಿಡಬಾರದು. ಬಾಕ್ಸನ್ನ ಹೊಟ್ಟೆಗೆ ಒತ್ತಿ ಹಿಡಿಯಲಿ. ಲಾರಿ ಕಡೆ ಸೊಂಟ ತಿರುಚದೆ ಪಾದ ತಿರುಗಿಸಲಿ. ಡಾಕ್ಟರ್‌ಗೂ ಒಂದ್ಸಲ ಮತ್ತೆ ತೋರಿಸಿ, ಮೂರು ತಿಂಗಳು ಕಮ್ಮಿ ಅಲ್ಲ.

ಮೂತ್ರದ ಹಿಡಿತ ತಪ್ಪಿದ್ರೆ ಅಥವಾ ಮೂತ್ರ ಕಟ್ಟಿದ್ರೆ, ಕೂರುವ ಜಾಗದ ಸುತ್ತ ಮರಗಟ್ಟಿದ್ರೆ, ಪಾದ ಎತ್ತೋಕಾಗದಿದ್ರೆ ಬೆಲ್ಟು ಗಿಲ್ಟು ಅಂತ ನೋಡ್ತಾ ಕೂರಬೇಡಿ. ಅವತ್ತೇ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ರೇಷ್ಮೆ ನೂಲು, ಶಿಡ್ಲಘಟ್ಟ

ನಾನು ರೀಲಿಂಗ್, ಅಂದ್ರೆ ರೇಷ್ಮೆ ಗೂಡಿಂದ ನೂಲು ತೆಗೆಯೋ ಕೆಲಸದವಳು. ಬಿಸಿನೀರಿನ ಬೇಸಿನ್ ಮುಂದೆ ಬೆವರಿ ಬೆಲ್ಟಿನ ಕೆಳಗೆ ಗುಳ್ಳೆ ಎದ್ದಿತ್ತು. ಎರಡು ಬನಿಯನ್ ಇಟ್ಕೊಂಡು ಮಧ್ಯಾಹ್ನ ಬದಲಾಯಿಸ್ತೀನಿ, ಗುಳ್ಳೆ ಹೋಯ್ತು ಅಕ್ಕ. ಒಗೆಯುವಾಗ ವೆಲ್ಕ್ರೋ ಅಂಟಿಸಿಯೇ ಕೈಯಲ್ಲಿ ಒಗೀರಿ, ಇಲ್ದಿದ್ರೆ ನೂಲು ಜುಂಗೆಲ್ಲ ಹಿಡಿದು ಅಂಟೋದೇ ಇಲ್ಲ. ನೆರಳಲ್ಲಿ ಒಣಗಿಸಿ.

ಮಂಡಿ ಮಗಳು, ಕೋಲಾರ

ಹತ್ತು ದಿನ ಆಯ್ತು. ಲುಂಗಿ ಬೆಲ್ಟಿನ ಮೇಲೆ ಬಂದ ದಿನದಿಂದ ಗೆರೆ ಒಂದು ಬೆರಳಿಗಿಂತ ಹೆಚ್ಚು ಸರಿದಿಲ್ಲ, ಎದೆ ಉರಿಯೂ ಇಲ್ಲ. ಫಿಸಿಯೋ ಮೇಡಂ, ನೀವು ಹೇಳಿದ್ದು ನಿಜ, ಎರಡೆರಡು ಬಾಕ್ಸ್ ಎತ್ತುತ್ತಿದ್ರಂತೆ. "ಬೆಲ್ಟ್ ಐತಲ್ಲಮ್ಮ" ಅಂದ್ರು. ಈಗ ಒಂದೇ. ಟೀ ಅಂಗಡಿಯಲ್ಲಿ ಬಿಚ್ಚಿ ಹೆಗಲ ಮೇಲೆ ಹಾಕ್ಕೊಂಡು ಕೂರ್ತಾರೆ. ಸೋಮವಾರ ಡಾಕ್ಟರ್ ಹತ್ರ ಹೋಗ್ತಿದ್ದೀವಿ, ಬನಿಯನ್ನನ್ನೂ ತಗೊಂಡು ಹೋಗ್ತೀನಿ, ಗೆರೆಗಳೆಲ್ಲ ಹಾಗೇ ಇವೆ.