ಪ್ಲೇಟ್‌ನಲ್ಲೇ ರೆಸಿಸ್ಟೆಂಟ್ ಅಂತ ಗೊತ್ತಾದ ಮೇಲೆ ಜೀನೋಮ್ ಸೀಕ್ವೆನ್ಸಿಂಗ್ ಯಾಕೆ?

ಪ್ರಶ್ನೆ:
ನಾನು ಮೈಕ್ರೊಬಯಾಲಜಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಹೋದ ತಿಂಗಳು ಒಂದೇ ಐಸಿಯುನಿಂದ ಮೂರು ಕ್ಲೆಬ್ಸಿಯೆಲ್ಲಾ (ಆಸ್ಪತ್ರೆಗಳಲ್ಲಿ ಸೋಂಕು ತರುವ ಒಂದು ಬ್ಯಾಕ್ಟೀರಿಯಾ) ಬಂದವು. ಮೂರರ ಪ್ಲೇಟ್‌ನಲ್ಲೂ (ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ) ಮೆರೊಪೆನೆಮ್ ಆಂಟಿಬಯೋಟಿಕ್ ಇರುವ ಡಿಸ್ಕ್‌ನ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದಿತ್ತು, ಝೋನ್ (ಔಷಧದಿಂದ ಬೆಳವಣಿಗೆ ನಿಂತ ಖಾಲಿ ಜಾಗ) ಅನ್ನೋದೇ ಇಲ್ಲ, ಅಂದರೆ ಔಷಧಕ್ಕೆ ಬಗ್ಗದ ರೆಸಿಸ್ಟೆಂಟ್. ರಿಪೋರ್ಟ್ ಕೊಟ್ಟೆವು, ಡಾಕ್ಟರ್ ಔಷಧ ಬದಲಾಯಿಸಿದರು. ಈಗ ಮೂರನ್ನೂ ಜೀನೋಮ್ ಸೀಕ್ವೆನ್ಸಿಂಗ್‌ಗೆ (ಬ್ಯಾಕ್ಟೀರಿಯಾದ ಡಿಎನ್‌ಎ ಪೂರ್ತಿ ಓದುವುದು) ಕಳಿಸಿ ಅಂತ ಹೇಳುತ್ತಿದ್ದಾರೆ. ರೆಸಿಸ್ಟೆಂಟ್ ಅಂತ ಆಗಲೇ ಗೊತ್ತಾಗಿದೆ ಅಲ್ವಾ, ಇನ್ನೇನು ಹೊಸದಾಗಿ ತಿಳಿಯುತ್ತದೆ?

ಉತ್ತರ 1:
ಔಷಧ ಕೆಲಸ ಮಾಡುತ್ತದೋ ಇಲ್ಲವೋ, ಅದನ್ನು ಪ್ಲೇಟ್ ಹೇಳುತ್ತದೆ. ಆದರೆ ಈ ಮೂರೂ ಒಬ್ಬರಿಂದ ಒಬ್ಬರಿಗೆ ದಾಟಿದ್ದೋ, ಬೇರೆ ಬೇರೆ ಕಡೆಯಿಂದ ಬಂದಿದ್ದೋ, ಅದನ್ನು ಹೇಳುವುದಿಲ್ಲ. ಆಂಟಿಬಯೋಗ್ರಾಮ್ (ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕೆ ಇಲ್ಲ ಅನ್ನುವ ಪಟ್ಟಿ) ಒಂದೇ ಥರ ಇದ್ದ ಮಾತ್ರಕ್ಕೆ ತಳಿ ಒಂದೇ ಆಗಬೇಕಿಲ್ಲ. ಕ್ಲೆಬ್ಸಿಯೆಲ್ಲಾ ಜೀನೋಮ್‌ನಲ್ಲಿ ಸುಮಾರು 55 ಲಕ್ಷ ಡಿಎನ್‌ಎ ಅಕ್ಷರ. ಎರಡರ ನಡುವೆ ಬರೀ ನಾಲ್ಕೈದು ಅಕ್ಷರ ವ್ಯತ್ಯಾಸ ಇದ್ದರೆ ಹತ್ತಿರದ ನಂಟು, ಸಾವಿರಾರು ಇದ್ದರೆ ಸಂಬಂಧವೇ ಇಲ್ಲ.

2011ರಲ್ಲಿ ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಆಸ್ಪತ್ರೆಯಲ್ಲಿ ಆಗಿದ್ದು ಇದೇ. ಮೊದಲ ರೋಗಿ ಡಿಸ್ಚಾರ್ಜ್ ಆಗಿ ಮೂರು ವಾರದ ಮೇಲೆ ಎರಡನೆಯವರಲ್ಲಿ ಕಾರ್ಬಪೆನೆಮ್‌ಗೆ (ಮೆರೊಪೆನೆಮ್ ಸೇರಿದ ಔಷಧಗಳ ಗುಂಪು) ಬಗ್ಗದ ಕ್ಲೆಬ್ಸಿಯೆಲ್ಲಾ ಸಿಕ್ಕಿತು. ಇಷ್ಟು ದಿನ ಅಂತರ ಇದೆ, ಬೇರೆಯದೇ ಇರಬಹುದು ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಜೀನೋಮ್ ನೋಡಿದಾಗ ಎಲ್ಲ ಆ ಮೊದಲ ರೋಗಿಯಿಂದಲೇ ಹರಡಿದ್ದು ಅಂತ ಗೊತ್ತಾಯಿತು. ನಡುವೆ ಯಾವ ಲಕ್ಷಣವೂ ಇಲ್ಲದೆ ಸುಮ್ನೆ ಹೊತ್ತುಕೊಂಡಿದ್ದವರು ಇದ್ದರು. ಒಟ್ಟು 18 ಜನರಿಗೆ ತಗುಲಿತು, 11 ಜನ ತೀರಿಕೊಂಡರು, ಅದರಲ್ಲಿ 6 ಸಾವಿಗೆ ಈ ಸೋಂಕೇ ಕಾರಣ. ಅದನ್ನು ಓದಿದ ಮೇಲೆ ನಾನಂತೂ 'ಮೂರೇ ಕೇಸ್ ಅಲ್ವಾ' ಅಂತ ಹೇಳುವುದನ್ನು ಬಿಟ್ಟೆ.

ಉತ್ತರ 2:
ಮೇಲಿನವರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಬ್ಯಾಕ್ಟೀರಿಯಾ ಮಾತ್ರ ಹರಡುವುದಲ್ಲ, ರೆಸಿಸ್ಟೆನ್ಸ್ ಕೊಡುವ ಜೀನ್ ಕೂಡ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾಗಳ ನಡುವೆ ದಾಟಬಲ್ಲ ಚಿಕ್ಕ ಡಿಎನ್‌ಎ ಉಂಗುರ) ಮೇಲೆ ಕೂತು ಕ್ಲೆಬ್ಸಿಯೆಲ್ಲಾದಿಂದ ಇ. ಕೋಲೈ ಎಂಬ ಇನ್ನೊಂದು ಬ್ಯಾಕ್ಟೀರಿಯಾಗೆ ಹಾರುತ್ತದೆ. ಆಗ ಎರಡು ವಾರ್ಡ್‌ನಲ್ಲಿ ಎರಡು ಬೇರೆ ಜಾತಿ ಸಿಗುತ್ತವೆ, ಯಾರಿಗೂ ಸಂಶಯ ಬರುವುದಿಲ್ಲ. ಇದನ್ನು ಹಿಡಿಯಬೇಕಾದರೆ ಲಾಂಗ್ ರೀಡ್ (ಡಿಎನ್‌ಎಯನ್ನು ಉದ್ದುದ್ದ ತುಂಡುಗಳಲ್ಲಿ ಓದುವ ಸೀಕ್ವೆನ್ಸಿಂಗ್) ಕೇಳಿ. ಶಾರ್ಟ್ ರೀಡ್‌ನಲ್ಲಿ ಪ್ಲಾಸ್ಮಿಡ್ ಚೂರುಚೂರಾಗಿ ಬರುತ್ತದೆ.

ಮತ್ತೆ ಡೇಟಾ ಉಳಿಯುತ್ತದೆ, ಇದು ನನಗೆ ಬಹಳ ಮುಖ್ಯ. 2015ರ ನವೆಂಬರ್‌ನಲ್ಲಿ ಚೀನಾದವರು ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್‌ಗೆ ಬ್ಯಾಕ್ಟೀರಿಯಾ ಬಗ್ಗದಂತೆ ಮಾಡುವ ಎಂಸಿಆರ್-1 ಜೀನ್ ಬಗ್ಗೆ ಬರೆದರು. ಡೆನ್ಮಾರ್ಕ್‌ನವರು ಹೊಸ ಸ್ಯಾಂಪಲ್ ತೆಗೆಯದೆ, ಇದ್ದ ಸೀಕ್ವೆನ್ಸ್‌ಗಳಲ್ಲೇ ಹುಡುಕಿದರು. ಒಬ್ಬ ರೋಗಿಯಲ್ಲೂ, 2012ರಷ್ಟು ಹಳೆಯ ಕೋಳಿ ಮಾಂಸದ ಸ್ಯಾಂಪಲ್‌ಗಳಲ್ಲೂ ಅದು ಸಿಕ್ಕಿತು.

ಆದರೆ ಪ್ಲೇಟ್ ಬಿಡಬೇಡಿ. ಜೀನ್ ಇದ್ದೂ ಸುಮ್ಮನಿರಬಹುದು. ಪೋರಿನ್ (ಔಷಧ ಒಳಗೆ ಹೋಗುವ ದಾರಿ) ಕಳೆದುಕೊಂಡು ರೆಸಿಸ್ಟೆಂಟ್ ಆಗಿದ್ದರೆ ಬರೀ ಜೀನ್ ಪಟ್ಟಿ ನೋಡಿದರೆ ತಪ್ಪಿಹೋಗುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಒಂದರ ಪ್ಲೇಟ್ ಮಾತ್ರ ಫ್ರಿಜ್‌ನಲ್ಲಿದೆ, ಉಳಿದೆರಡನ್ನು ಫ್ರೀಜ್ ಮಾಡಿದ್ದೇನೆ. ಆ ಪ್ಲೇಟ್‌ನಿಂದಲೇ ಕಳಿಸಬಹುದಾ?

ಉತ್ತರ 1:
ಹಳೆ ಪ್ಲೇಟ್‌ನಿಂದ ನೇರ ಬೇಡ. ಮತ್ತೆ ಹೊಸ ಪ್ಲೇಟ್ ಮೇಲೆ ಸ್ಟ್ರೀಕ್ ಮಾಡಿ (ಗೀರಿ ಹರಡಿ), ಒಂಟಿ ಕಾಲೊನಿ (ಬೇರೆಯಾಗಿ ಬೆಳೆದ ಒಂದು ಗುಂಪು) ತೆಗೆದು, ಶುದ್ಧ ಇದೆ ಅಂತ ಖಾತ್ರಿ ಆದ ಮೇಲೆ ಕಳಿಸಿ. ಅದೇ ಕಾಲೊನಿಯಿಂದ ಬೆಳೆಸಿದ್ದನ್ನು ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ಗೂ ಇಡಿ. ಟ್ಯೂಬ್ ನಂಬರ್‌ಗೆ ರಿಜಿಸ್ಟರ್‌ನಲ್ಲಿ ತಾರೀಖು, ಬೆಡ್ ನಂಬರ್, ರಕ್ತವೋ ಮೂತ್ರವೋ ಅನ್ನುವುದು ಬರೆದಿರಲಿ. ಅದಿಲ್ಲದಿದ್ದರೆ ಯಾರಿಂದ ಯಾರಿಗೆ ಹೋಯಿತು ಅಂತ ಜೋಡಿಸಲು ಆಗುವುದಿಲ್ಲ.