ಗಿಣಿಗೇರಾ ಕಡೆ ಸ್ಪಾಂಜ್ ಐರನ್ ಶಿಫ್ಟ್ ಕೆಲಸ ಬಿಡಬೇಕು, ಆದ್ರೆ ಸಂಬಳ ನಿಲ್ಲಬಾರದು. ದಾರಿ ಹೇಳ್ರಿ

ಕಿಲ್ನ್_ಶಿಫ್ಟ್_ಕೊಪ್ಪಳ

ಎಲ್ಲರಿಗೂ ನಮಸ್ಕಾರ. ವಯಸ್ಸು 33, ಡಿಪ್ಲೊಮಾ ಮೆಕ್ಯಾನಿಕಲ್. ಗಿಣಿಗೇರಾ ಹತ್ತಿರ ಒಂದು ಸ್ಪಾಂಜ್ ಐರನ್ (ಅದಿರಿನಿಂದ ಮಾಡೋ ಕಚ್ಚಾ ಕಬ್ಬಿಣ) ಕಾರ್ಖಾನೆಯಲ್ಲಿ ಕಿಲ್ನ್, ಅಂದ್ರೆ ಅದಿರು ಕಾಯಿಸೋ ಕುಲುಮೆಯ ಶಿಫ್ಟ್ ಸೂಪರ್‌ವೈಸರ್. ಸೇರಿ 8 ವರ್ಷ 2 ತಿಂಗಳಾಯ್ತು. ಕೈಗೆ 31,000 ಬರುತ್ತೆ, ಬೇಸಿಕ್ 18,000. ಮನೆ ಸಾಲದ ಕಂತು 9,800. ಇಬ್ಬರು ಮಕ್ಕಳು, ಅಪ್ಪ ಅವ್ವ ನಮ್ಮ ಜೊತೆಗೇ ಇದ್ದಾರೆ.

ನನಗೆ ಬರೋದು: ಲಾಗ್ ಬುಕ್ ಅಚ್ಚುಕಟ್ಟಾಗಿ ಬರೆಯೋದು, ಅದಿರು-ಕಲ್ಲಿದ್ದಲು ಫೀಡ್ ಲೆಕ್ಕ, ಹೊಸ ಹುಡುಗರಿಗೆ ಕೆಲಸ ಕಲಿಸೋದು. ಆಗಿಬರದೇ ಇರೋದು: ವಾದ, ಚೌಕಾಸಿ, ಮಾರಾಟ. ಬೇಕಾಗಿರೋದು: ಜನರಲ್ ಶಿಫ್ಟ್, ತಿಂಗಳಿಗೆ ಸರಿಯಾಗಿ ಸಂಬಳ, ಕೊಪ್ಪಳ-ಹೊಸಪೇಟೆ-ಬಳ್ಳಾರಿ ಬಿಟ್ಟು ಹೋಗದಂಗೆ ಇರೋದು. ಸೇಫ್ಟಿ ಆಫೀಸರ್ ಆಗು, ಐಟಿಐ ಇನ್‌ಸ್ಟ್ರಕ್ಟರ್ ಆಗು, ಸರ್ಕಾರಿ ಪರೀಕ್ಷೆ ಬರಿ, ಸಾಲ ತಗೊಂಡು ಸ್ವಂತ ವರ್ಕ್‌ಶಾಪ್ ಹಾಕು ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಯಾವುದು ನನಗೆ ಹೊಂದುತ್ತೆ?

ಹೊಸಪೇಟೆ_ಮೇಂಟೆನೆನ್ಸ್

ಮೊದಲು ಒಂದು ವಿಷಯ. ಕೆಲಸದ ಬಗೆ, ಉದ್ಯಮ, ಊರು ಈ ಮೂರನ್ನೂ ಒಂದೇ ಸಲ ಬದಲಿಸಬೇಡಿ. ಊರು ಬಿಡಲ್ಲ ಅಂದಿದ್ದೀರಿ, ಉಳಿದದ್ದು ಎರಡು. ಮೊದಲು ಕೆಲಸದ ಬಗೆ ಬದಲಿಸಿ, ಅದೂ ಆದಷ್ಟು ಈಗಿನ ಕಾರ್ಖಾನೆಯೊಳಗೇ. ಉದ್ಯಮ ಬದಲಿಸೋದು ಆಮೇಲೆ. ಆದರೆ ಅದನ್ನು ಮರೆಯುವ ಹಾಗಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗ ಅದಿರು ಸಿಗದೆ ಈ ಭಾಗದ ಸ್ಪಾಂಜ್ ಘಟಕಗಳಿಗೆ ಎಂಥ ಪೆಟ್ಟು ಬಿತ್ತು ಅಂತ ಇಲ್ಲಿನವರಿಗೆ ಗೊತ್ತು. ನಿಮ್ಮ ಹುದ್ದೆ ಎಷ್ಟೇ ಗಟ್ಟಿ ಇದ್ದರೂ ಕಿಲ್ನ್ ತಣ್ಣಗಾದರೆ ಸಂಬಳ ನಿಲ್ಲುತ್ತದೆ. ಹಾಗಾಗಿ ಸಿಮೆಂಟ್, ವಿದ್ಯುತ್ ಸ್ಥಾವರ, ದೊಡ್ಡ ಉಕ್ಕು ಕಾರ್ಖಾನೆ ಎಲ್ಲಿ ಹೋದರೂ ಬೆಲೆ ಬಾಳುವ ಕೆಲಸವನ್ನೇ ಕಲಿಯಿರಿ.

ನೀವು ಬರೆದದ್ದನ್ನು ನೋಡಿದರೆ ನನ್ನ ಮೊದಲ ಆಯ್ಕೆ ಮೇಂಟೆನೆನ್ಸ್ ಪ್ಲ್ಯಾನಿಂಗ್. ಯಾವ ಸ್ಪೇರ್ ಯಾವಾಗ ಬೇಕು, ಕಿಲ್ನ್ ಒಳಮೈಗೆ ಹಾಕುವ ಬ್ರಿಕ್ಸ್ ಮತ್ತು ಕ್ಯಾಸ್ಟೆಬಲ್ (ಶಾಖ ತಡೆಯುವ ಗಾರೆ) ಎಷ್ಟು ತರಿಸಬೇಕು, ರಿಪೇರಿಗೆ ನಿಲ್ಲಿಸುವ ಶಟ್‌ಡೌನ್‌ನಲ್ಲಿ ಯಾವ ಕೆಲಸದ ನಂತರ ಯಾವುದು ಅಂತ ಮುಂಚಿತವಾಗಿ ಬರೆದಿಡುವ ಕೆಲಸ ಇದು. ಜನರಲ್ ಶಿಫ್ಟ್. ಶಟ್‌ಡೌನ್ ದಿನಗಳಲ್ಲಿ ಮಾತ್ರ ಹಗಲು ರಾತ್ರಿ ಇರಬೇಕಾಗುತ್ತದೆ, ಅದನ್ನು ಮನೆಯವರಿಗೆ ಈಗಲೇ ಹೇಳಿಡಿ.

ಆ ಜಾಗ ಕೇಳೋಕೆ ಬರಿಗೈಯಲ್ಲಿ ಹೋಗಬೇಡಿ. ಕಳೆದ 12 ತಿಂಗಳ ಲಾಗ್ ಬುಕ್ ತೆಗೆದು, ಕಿಲ್ನ್ ನಿಂತ ಪ್ರತಿ ಸಲದ್ದೂ ಒಂದು ಸಾಲಿನಂತೆ ಎಕ್ಸೆಲ್‌ನಲ್ಲಿ ಹಾಕಿ: ದಿನಾಂಕ, ನಿಂತ ಗಂಟೆಗಳು, ಕಾರಣ. ಒಳಗೆ ರಿಂಗ್ ಕಟ್ಟಿದ್ದು (ಗೋಡೆಗೆ ಮಾಲು ಅಂಟಿ ಗಟ್ಟಿಯಾದದ್ದು), ಶೆಲ್ (ಹೊರ ಕವಚ) ಕೆಂಪಾದದ್ದು, ಫೀಡ್ ಜಾಮ್, ಕೂಲರ್, ಕರೆಂಟ್ ಹೀಗೆ ಆರೇಳು ಕಾರಣಕ್ಕಿಂತ ಹೆಚ್ಚು ವಿಂಗಡಣೆ ಬೇಡ. ಎಕ್ಸೆಲ್‌ನಲ್ಲೇ ಪಿವಟ್ ಟೇಬಲ್ (ಕಾರಣವಾರು ಮೊತ್ತದ ಪಟ್ಟಿ) ಮಾಡಿದರೆ ಹೆಚ್ಚು ಗಂಟೆ ತಿಂದ ಮೂರು ಕಾರಣ ಮೇಲೆ ಬರುತ್ತವೆ. ಒಂದೇ ಪುಟದಲ್ಲಿ ಮುದ್ರಿಸಿ ಪ್ಲಾಂಟ್ ಹೆಡ್ ಮುಂದಿಡಿ. ಇಲ್ಲಿ ಹೆಚ್ಚಿನವರು ಎಡವುವುದು 'ಇತರೆ' ಎಂಬ ಕಾಲಂನಲ್ಲಿ. ಅರ್ಧ ಗಂಟೆಗಳು ಅದಕ್ಕೇ ಹೋದರೆ ಆ ಪುಟಕ್ಕೆ ಬೆಲೆಯಿಲ್ಲ. ಆ ಶಿಫ್ಟ್‌ನವರನ್ನು ಕೇಳಿ ಕಾರಣ ತುಂಬಿ.

ಜೊತೆಗೆ ಸ್ಯಾಪ್ ಎಂಬ ಕಂಪ್ಯೂಟರ್ ಸಾಫ್ಟ್‌ವೇರ್‌ನ ಪ್ಲಾಂಟ್ ಮೇಂಟೆನೆನ್ಸ್ ಭಾಗ ಕಲಿಯಿರಿ. ಕಾರ್ಖಾನೆಯಲ್ಲಿ ಇದ್ದರೆ ಸ್ಟೋರ್ಸ್‌ನವರ ಹತ್ತಿರವೇ ನೋಟಿಫಿಕೇಶನ್ ಹಾಕೋದು, ವರ್ಕ್ ಆರ್ಡರ್ ತೆರೆಯೋದು, ಸ್ಪೇರ್ ಕಾಯ್ದಿರಿಸೋದು ನೋಡಿ ಕಲಿಯಬಹುದು. ದುಬಾರಿ ಕೋರ್ಸ್ ಈಗ ಬೇಡ.

ಸೇಫ್ಟಿ ಬಗ್ಗೆ ನನ್ನ ಅನುಮಾನ ಹೇಳಿಬಿಡ್ತೀನಿ. ಉತ್ಪಾದನೆಯವರು 'ನಡೀಲಿ' ಅಂದಾಗ 'ನಿಲ್ಲಿಸಿ' ಅನ್ನೋದೇ ಆ ಹುದ್ದೆಯ ತಿರುಳು. ವಾದ ಆಗಿಬರಲ್ಲ ಅಂತ ನೀವೇ ಬರೆದಿದ್ದೀರಿ.

ತೋರಣಗಲ್ಲು_ಸುರಕ್ಷತೆ

ಮೇಲಿನವರ ಮಾತು ಅರ್ಧ ಒಪ್ತೀನಿ. ವಾದ ಮಾಡೋದು ಬೇರೆ, ನಿಯಮದ ಪುಟ ತೆರೆದು ತೋರಿಸೋದು ಬೇರೆ. ಲಾಗ್ ಬುಕ್ ಮನುಷ್ಯರು ಎರಡನೆಯದನ್ನು ಚೆನ್ನಾಗಿ ಮಾಡ್ತಾರೆ. ಸ್ಥಿರತೆ ಬೇಕು ಅನ್ನೋರಿಗೆ ಈ ಹುದ್ದೆಯ ದೊಡ್ಡ ಬಲ ಅಂದರೆ ಕಾನೂನೇ ಇದನ್ನು ಕೇಳುತ್ತದೆ. ಕಾರ್ಖಾನೆ ಕಾಯ್ದೆಯಲ್ಲಿ 1,000 ಕಾರ್ಮಿಕರಿದ್ದರೆ ಸುರಕ್ಷತಾ ಅಧಿಕಾರಿ ಬೇಕಿತ್ತು. ಅದರ ಬದಲು ಬಂದ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಅದು 500, ಅಪಾಯಕಾರಿ ಪ್ರಕ್ರಿಯೆ ಇದ್ದರೆ 250. ಖರ್ಚು ಕಡಿತದ ಹೊತ್ತಲ್ಲೂ ಈ ಕುರ್ಚಿಯನ್ನು ಖಾಲಿ ಬಿಡೋದು ಕಷ್ಟ.

ಡಿಪ್ಲೊಮಾದವರಿಗೆ ಮೂರು ಬೇಕು: ಕಾರ್ಖಾನೆಯಲ್ಲಿ 5 ವರ್ಷ ಮೇಲ್ವಿಚಾರಣೆಯ ಅನುಭವ, ಮಾನ್ಯತೆ ಇರುವ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ, ಬಹುಪಾಲು ಕಾರ್ಮಿಕರ ಭಾಷೆ. ಹಣ ಹಾಳಾಗೋದು ಎರಡನೆಯದರಲ್ಲಿ. ವಾರಾಂತ್ಯದಲ್ಲಿ, ಆನ್‌ಲೈನ್‌ನಲ್ಲಿ 'ಸೇಫ್ಟಿ ಡಿಪ್ಲೊಮಾ' ಕೊಡುವ ಸಂಸ್ಥೆಗಳು ಬಹಳ. ಅವುಗಳಲ್ಲಿ ಎಷ್ಟೋ ಸರ್ಟಿಫಿಕೇಟ್ ಈ ಹುದ್ದೆಗೆ ನಡೆಯೋದಿಲ್ಲ. ಶುಲ್ಕ ಕಟ್ಟುವ ಮುಂಚೆ ಕಾರ್ಖಾನೆ ಮತ್ತು ಬಾಯ್ಲರ್‌ಗಳ ಇಲಾಖೆಗೆ ಕೋರ್ಸ್ ಹೆಸರು, ಸಂಸ್ಥೆಯ ಹೆಸರು ಬರೆದು ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ. ಒಂದನೆಯದರಲ್ಲಿ ತೊಡಕು ಬರೋದು ಅನುಭವ ಪತ್ರದಿಂದ. ಅದರಲ್ಲಿ 'ಆಪರೇಟರ್' ಅಂತಿದ್ದರೆ ಮೇಲ್ವಿಚಾರಣೆ ಅಂತ ಒಪ್ಪಿಸೋದು ಕಷ್ಟ. ಯಾವ ದಿನಾಂಕದಿಂದ ಸೂಪರ್‌ವೈಸರ್ ಅನ್ನೋದು ಪತ್ರದಲ್ಲಿ ಇರಲಿ.

ಹೊಂದುತ್ತೋ ಇಲ್ಲವೋ ನೋಡಲು ಖರ್ಚಿಲ್ಲದ ದಾರಿ ಇದೆ. ಸುರಕ್ಷತಾ ಸಮಿತಿಯಲ್ಲಿ ನಿಮ್ಮ ಶಿಫ್ಟ್ ಪರವಾಗಿ ಮೂರು ತಿಂಗಳು ಕೂತುಕೊಳ್ಳಿ. ಕಿಲ್ನ್ ಅಥವಾ ಡಸ್ಟ್ ಚೇಂಬರ್ ಒಳಗೆ ಇಳಿಯುವ ಪರ್ಮಿಟ್‌ಗಳನ್ನು ನೀವೇ ತುಂಬಿ: ಆಮ್ಲಜನಕ 19.5 ಶೇಕಡಾಗಿಂತ ಕಡಿಮೆ ಇಲ್ಲ ಅಂತ ನೋಡೋದು, ಕಾರ್ಬನ್ ಮಾನಾಕ್ಸೈಡ್ ಅಳೆಯೋದು (ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ 8 ಗಂಟೆಯ ಮಿತಿ 50 ಪಿಪಿಎಂ ಇತ್ತು), ಹೊರಗೆ ಒಬ್ಬರನ್ನು ನಿಲ್ಲಿಸೋದು. ರೀಡಿಂಗ್ ಸರಿ ಇಲ್ಲದಾಗ ಒಂದು ಸಲವಾದರೂ ಕೆಲಸ ನಿಲ್ಲಿಸುವ ಸಂದರ್ಭ ಬಂದೇ ಬರುತ್ತೆ. ಆಗ ನಿಮಗೇ ತಿಳಿಯುತ್ತೆ.

ರಾಯಚೂರು_ಲೆಕ್ಕಪತ್ರ

ನಾ ರೊಕ್ಕದ ಮಾತಷ್ಟೇ ಹೇಳ್ತೀನ್ರಿ. ರಾಜೀನಾಮೆ ತಾರೀಖು ಸುಮ್ನೆ ಹಾಕಬ್ಯಾಡ್ರಿ.

ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವಾ ವರ್ಷದ ಮ್ಯಾಲ ಬರೋ ರೊಕ್ಕ) ಲೆಕ್ಕ: ಬೇಸಿಕ್ ಮತ್ತು ಡಿಎ ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನ ವರ್ಷಗಳಿಂದ ಗುಣಿಸೋದು. ನಿಮ್ಮ 18,000ಕ್ಕ 8 ವರ್ಷಕ್ಕ 83,077 ಆಗ್ತದ. ಆರು ತಿಂಗಳ ಮೇಲಿನ ತುಂಡು ಪೂರ್ತಿ ವರ್ಷ ಅಂತ ಹಿಡೀತಾರ. ಅಂದ್ರ 8 ವರ್ಷ 7 ತಿಂಗಳಿಗೆ ಬಿಟ್ರ 9 ವರ್ಷದ ಲೆಕ್ಕ, 93,462.

ಪಿಎಫ್ ಪಾಸ್‌ಬುಕ್ ಇವತ್ತೇ ತೆಗೆದು ನೋಡ್ರಿ. ಎಲ್ಲಾ ತಿಂಗಳು ಜಮಾ ಆಗೇತೇನು, ಪಿಂಚಣಿ ಕಾಲಂನ್ಯಾಗ 1,250ರ ತನಕ ಬೀಳಾಕತ್ತೇತೇನು, ಮಾಲೀಕರ ಹೆಸರು ಕಂಪನೀದೋ ಗುತ್ತಿಗೆದಾರಂದೋ. ನಡುವೆ ಖಾಲಿ ತಿಂಗಳಿದ್ರ ಒಳಗಿದ್ದಾಗಲೇ ಕೇಳ್ರಿ, ಹೊರಗ ಬಂದ ಮ್ಯಾಲ ಯಾರೂ ಫೋನ್ ಎತ್ತಂಗಿಲ್ಲ.

ಪಿಂಚಣಿಗೆ 10 ವರ್ಷದ ಸೇವಾ ಬೇಕು. ಅಲ್ಲೂ ಆರು ತಿಂಗಳು ದಾಟಿದ ತುಂಡು ವರ್ಷ ಅಂತ ಲೆಕ್ಕ ಆಗ್ತದ. ಮುಂದಿನ ಕೆಲಸದಾಗೂ ಪಿಎಫ್ ಇದ್ರ ವರ್ಗಾವಣೆ ಮಾಡಿಸ್ರಿ, ಸೇವಾ ಕೂಡ್ಕೋತದ. ಪಿಎಫ್ ಇಲ್ಲದ ಕಡೆ ಹೋಗೋದಾದ್ರ ಪಿಂಚಣಿ ರೊಕ್ಕ ತೆಗೀಬ್ಯಾಡ್ರಿ, 10-ಸಿ ಅರ್ಜಿ ಹಾಕಿ ಸ್ಕೀಮ್ ಸರ್ಟಿಫಿಕೇಟ್ (ಇಲ್ಲೀತನಕದ ಪಿಂಚಣಿ ಸೇವಾ ಉಳಿಸೋ ಪತ್ರ) ತಗೋರಿ.

ಸಿಂಧನೂರು_ಓದುಗ

ಸರ್ಕಾರಿ ಪರೀಕ್ಷೆ ಬರೆಯಿರಿ, ಆದರೆ ಕೆಲಸದಲ್ಲಿದ್ದುಕೊಂಡೇ. ಅಧಿಸೂಚನೆಯಿಂದ ನೇಮಕದ ಆದೇಶದವರೆಗೆ ಎಷ್ಟು ಕಾಲ ಹಿಡಿಯುತ್ತೆ ಅಂತ ಯಾರೂ ಖಾತ್ರಿ ಕೊಡಲಾರರು. ವಯೋಮಿತಿ ಸಾಮಾನ್ಯವಾಗಿ 35, ಹಿಂದುಳಿದ ವರ್ಗಕ್ಕೆ 38, ಎಸ್‌ಸಿ, ಎಸ್‌ಟಿ, ಪ್ರವರ್ಗ-1ಕ್ಕೆ 40. ಸಡಿಲಿಕೆ ಇದ್ದರೆ ಆಯಾ ಅಧಿಸೂಚನೆಯಲ್ಲಿ ಇರುತ್ತೆ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ 371(ಜೆ) ವಿಧಿ ಪ್ರಕಾರ ಸ್ಥಳೀಯ ವೃಂದದಲ್ಲಿ ಗ್ರೂಪ್ ಸಿ ಹುದ್ದೆಗಳ 80 ಶೇಕಡಾ ಮೀಸಲು. ಅದಕ್ಕೆ ಸಹಾಯಕ ಆಯುಕ್ತರ ಪ್ರಮಾಣಪತ್ರ ಅರ್ಜಿಯ ಕೊನೆಯ ದಿನದೊಳಗೆ ಕೈಯಲ್ಲಿರಬೇಕು. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ತಡವಾಗುತ್ತೆ, ಈಗಲೇ ಮಾಡಿಸಿಡಿ.

ಐಟಿಐ ಕಲಿಸುವ ಕೆಲಸಕ್ಕೆ ಸಿಐಟಿಎಸ್ ಎಂಬ ಒಂದು ವರ್ಷದ ತರಬೇತಿ ಇದೆ. ಕಲಿಸುವ ಗುಣ ನಿಮ್ಮಲ್ಲಿದೆ, ನಿಜ. ಆದರೆ ಒಂದು ವರ್ಷ ಸಂಬಳವಿಲ್ಲ, ಕಾಯಂ ಹುದ್ದೆ ಬರೋದು ಅಪರೂಪ, ಅತಿಥಿ ಬೋಧಕರ ಕೆಲಸ ಆ ವರ್ಷದ ಮಟ್ಟಿಗೆ. 9,800ರ ಕಂತು ಇರುವ ಮನೆಗೆ ಅದು ಆಗೋದಿಲ್ಲ.

ಕಿಲ್ನ್_ಶಿಫ್ಟ್_ಕೊಪ್ಪಳ

ಎಲ್ಲರಿಗೂ ಧನ್ಯವಾದ. ಪಾಸ್‌ಬುಕ್ ನೋಡಿದೆ, ಎರಡು ತಿಂಗಳು ಖಾಲಿ ಇವೆ, ನಾಳೆ ಎಚ್‌ಆರ್ ಕೇಳ್ತೀನಿ. ವರ್ಕ್‌ಶಾಪ್ ಬಗ್ಗೆ ಯಾರೂ ಹೇಳಲಿಲ್ಲ. ಪಿಎಂಇಜಿಪಿಯಲ್ಲಿ (ಸ್ವಂತ ಘಟಕಕ್ಕೆ ಕೇಂದ್ರದ ಸಾಲ-ಸಬ್ಸಿಡಿ ಯೋಜನೆ) ಹಳ್ಳಿ ಕಡೆ ಹಾಕಿದರೆ 25 ಶೇಕಡಾ ಸಬ್ಸಿಡಿ ಅಂತಾರಲ್ಲ?

ರಾಯಚೂರು_ಲೆಕ್ಕಪತ್ರ

ಸಾಮಾನ್ಯ ವರ್ಗಕ್ಕ ಗ್ರಾಮೀಣದಾಗ 25, ವಿಶೇಷ ವರ್ಗಕ್ಕ 35, ಖರೆ ಐತಿ. ಆದ್ರ ಅದು ಕೈಗೆ ಬರಂಗಿಲ್ಲ. ಬ್ಯಾಂಕ್‌ನ್ಯಾಗ ಮೂರು ವರ್ಷ ಠೇವಣಿಯಾಗಿ ಕುಂದರ್ತದ, ಘಟಕ ನಡೆದ್ರಷ್ಟೇ ಸಾಲಕ್ಕ ಜಮಾ. ಅಲ್ಲೀತನಕ ಕಂತು ನೀವೇ ಕಟ್ಟಬೇಕು, ಅದೂ ಮನೆ ಸಾಲದ ಕಂತಿನ ಜೊತಿಗೆ. ಮ್ಯಾಲ, ವರ್ಕ್‌ಶಾಪ್ ಅಂದ್ರ ದಿನಾ ಚೌಕಾಸಿ, ಬಾಕಿ ವಸೂಲಿ. ಅದು ನಿಮಗ ಆಗಿಬರಂಗಿಲ್ಲ ಅಂತ ನೀವೇ ಬರ್ದೀರಿ. ಈಗ ಬ್ಯಾಡ ಅಂತೀನ್ರಿ.

ಹೊಸಪೇಟೆ_ಮೇಂಟೆನೆನ್ಸ್

ಹಾಗಾದರೆ ಕ್ರಮ ಹೀಗಿರಲಿ. ಈ ತಿಂಗಳು ಪಿಎಫ್ ಮತ್ತು 371(ಜೆ) ಪ್ರಮಾಣಪತ್ರದ ಕೆಲಸ. ಮುಂದಿನ ಮೂರು ತಿಂಗಳು ಕಿಲ್ನ್ ನಿಲುಗಡೆಯ ಪುಟ, ಜೊತೆಗೆ ಸುರಕ್ಷತಾ ಸಮಿತಿ. ಎರಡರಲ್ಲಿ ಯಾವುದು ಹಗುರ ಅನ್ನಿಸುತ್ತೋ ಆ ವಿಭಾಗಕ್ಕೆ ಬದಲಿ ಕೇಳಿ, ಸಂಬಳ ಅಷ್ಟೇ ಇದ್ದರೂ ಒಪ್ಪಿಕೊಳ್ಳಿ. ನೈಟ್ ಶಿಫ್ಟ್ ಭತ್ಯೆ ಮತ್ತು ಓಟಿ ಹೋದರೆ ಕೈಗೆ ಎಷ್ಟು ಕಡಿಮೆ ಬರುತ್ತೆ ಅಂತ ಮೊದಲೇ ಪೇ ಸ್ಲಿಪ್ ಇಟ್ಟುಕೊಂಡು ಲೆಕ್ಕ ಹಾಕಿ. ಹೊಸ ವಿಭಾಗದಲ್ಲಿ ಒಂದು ವರ್ಷವಾದ ಮೇಲೆ ಹೊರಗೆ ಅರ್ಜಿ ಹಾಕಿ. ಅಷ್ಟರೊಳಗೆ ನಿಮ್ಮ ಸೇವೆ ಒಂಬತ್ತೂವರೆ ವರ್ಷದ ಹತ್ತಿರ ಬಂದಿರುತ್ತೆ. ಆಫರ್ ಪತ್ರ ಕೈಗೆ ಬರುವ ತನಕ ಇಲ್ಲಿ ರಾಜೀನಾಮೆ ಕೊಡಬೇಡಿ. ಆ ಪತ್ರದಲ್ಲಿ ನೇಮಕ ಕಂಪನಿಯ ರೋಲ್ ಮೇಲೋ ಗುತ್ತಿಗೆದಾರರ ಮೂಲಕವೋ ಅನ್ನೋದನ್ನು ಮೊದಲು ಓದಿ.