ಪದಚರ್ಚೆ: ಹಳೆಯ ತಿಜೋರಿಯ ಒಳಭಾಗಕ್ಕೆ ಹೊಸ ಕೀ. ಕನ್ನಡದಲ್ಲಿ ಏನನ್ನಬೇಕು? (ನಾಳೆ ಸಂಜೆಯೊಳಗೆ ಬೇಕು)

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಹಳೆಯ ವಸ್ತುಗಳ ಒಂದು ಸಂಗ್ರಹಕ್ಕೆ ಫಲಕ ಬರೆದುಕೊಡುತ್ತಿದ್ದೇನೆ. ಅಲ್ಲಿ ನೂರು ವರ್ಷ ದಾಟಿದ ತಿಜೋರಿಯೊಂದಿದೆ. ಹೊರಬಾಗಿಲಿನ ಕೀ ಇದೆ, ಈಗಲೂ ಸಲೀಸಾಗಿ ತಿರುಗುತ್ತದೆ. ಒಳಗೆ ಇನ್ನೊಂದು ಚಿಕ್ಕ ಭಾಗವಿದೆ. ಅದಕ್ಕೆ ತನ್ನದೇ ಬಾಗಿಲು, ತನ್ನದೇ ಬೀಗ. ಆ ಕೀ ಯಾವಾಗಲೋ ಕಳೆದುಹೋಗಿದೆ, ಬಾಗಿಲು ಮುಚ್ಚಿಕೊಂಡೇ ಇದೆ. ಹೊಸ ಕೀ ಮಾಡಿಸುವ ತನಕ ಯಾರೂ ಅದನ್ನು ಮುಟ್ಟಬಾರದು. ಫಲಕದಲ್ಲಿ ಹೇಳಬೇಕಾದದ್ದು ಇಷ್ಟೇ.

ನಾನು ಬರೆದದ್ದು ಹೀಗಿದೆ:

"ತಿಜೋರಿಯ ಒಳವಿಭಾಗದ ಕಳೆದ ಕೀಲಿಯ ನಕಲಿ ಕೀಲಿಯನ್ನು ತಯಾರಿಸಲಾಗುತ್ತಿದೆ. ಬಲಪ್ರಯೋಗ ನಿಷಿದ್ಧ."

ಓದಿದರೆ ನನಗೇ ಸಮಾಧಾನವಿಲ್ಲ. ತಿಜೋರಿ ಅನ್ನಬೇಕೋ ಬೇರೆ ಏನಾದರೂ ಅನ್ನಬೇಕೋ? ಆ ಒಳಭಾಗಕ್ಕೆ ಏನು ಹೆಸರು? ಕಳೆದದ್ದರ ಬದಲಿಗೆ ಮಾಡಿಸುವ ಕೀಗೆ ಒಂದು ಪದ ಇದೆಯೇ? ಫಲಕದಲ್ಲಿ ಹಿಡಿಸುವುದು ಮೂರೋ ನಾಲ್ಕೋ ಸಾಲು. ನಾಳೆ ಸಂಜೆ ಅಕ್ಷರ ಕೊರೆಯುವವರಿಗೆ ಕೊಡಬೇಕು.

*

ಉತ್ತರ 1

"ನಕಲಿ ಕೀಲಿ" ಖಂಡಿತ ಬೇಡ. ನಕಲು ಅಂದರೆ ಪ್ರತಿ. ನಕಲಿ ಅಂದರೆ ಖೋಟಾ. ನಕಲಿ ನೋಟು, ನಕಲಿ ಸಹಿ. ನಿಮ್ಮ ಫಲಕ ಓದಿದವರಿಗೆ ಅಲ್ಲಿ ಯಾರೋ ಕಳ್ಳ ಕೀ ಮಾಡಿಸುತ್ತಿದ್ದಾರೆ ಅಂತಲೇ ಅರ್ಥವಾಗುತ್ತದೆ.

"ಡೂಪ್ಲಿಕೇಟ್" ಅಂದರೂ ಅದೇ ಕಷ್ಟ. ಕೀ ವಿಷಯದಲ್ಲಿ ಅದು ಒಳ್ಳೆಯ ಪದವೇ, ಎಲ್ಲರೂ ಹಾಗೇ ಹೇಳುತ್ತಾರೆ. ಆದರೆ "ಡೂಪ್ಲಿಕೇಟ್ ಮಾಲು" ಅಂದ ಕೂಡಲೇ ಅದೂ ಖೋಟಾ ಆಗುತ್ತದೆ.

"ಕಳೆದ ಕೀಲಿ"ಯನ್ನೂ ತೆಗೆಯಿರಿ. ಕಳೆದ ವಾರ, ಕಳೆದ ವರ್ಷ, ಕಳೆದ ಕೀಲಿ. "ಕಳೆದುಹೋದ" ಅಂತ ಪೂರ್ತಿ ಬರೆಯಿರಿ.

*

ಉತ್ತರ 2

ಮೊದಲು "ತಿಜೋರಿ"ಯನ್ನು ಬಿಡಿ. ಮರಾಠಿ, ಹಿಂದಿಯವರ ಪದ ಅದು. ನಮ್ಮ ಹಿರಿಯರು "ಕಬ್ಬಿಣದ ಪೆಟ್ಟಿಗೆ" ಅನ್ನುತ್ತಿದ್ದರು. ಎಷ್ಟು ಚೆನ್ನಾಗಿದೆ! ಯಾವುದರಿಂದ ಮಾಡಿದ್ದು, ಏನು ಅದು, ಎರಡೂ ಅದರಲ್ಲೇ ಇದೆ. ತಮಿಳರೂ "ಇರುಂಬುಪ್ ಪೆಟ್ಟಿ" ಅನ್ನುತ್ತಾರೆ. ಇಂಥ ಪದ ಮನೆಯಲ್ಲೇ ಇರುವಾಗ ಸಾಲ ಯಾಕೆ?

"ಕೀಲಿ"ಯೂ ಬೇಡ. ಅದು ಸಂಸ್ಕೃತದ "ಕೀಲ"ದಿಂದ ಬಂದದ್ದು. "ಬೀಗ" ಅಚ್ಚಗನ್ನಡ. ಬಿಗಿ, ಬಿಗಿತ, ಬೀಗ. ಬಿಗಿಯಾಗಿ ಹಿಡಿದುಕೊಳ್ಳುವುದೇ ಬೀಗ. ಅದನ್ನು ಬಿಚ್ಚುವ ಕೈಯೇ ಬೀಗದ ಕೈ. ಇಷ್ಟು ಅಂದದ ಪದ ಬೇರೆ ನುಡಿಯಲ್ಲಿ ಇದೆಯೇ? ಕೀ, ಚಾವಿ, ಕೀಲಿ ಎಲ್ಲವನ್ನೂ ಕೆಳಗಿಡಿ.

ಒಳಭಾಗಕ್ಕೆ "ಒಳಯರೆ" ಅನ್ನಿ. ಅರೆ ಅಂದರೆ ಕೋಣೆ, ಪೆಟ್ಟಿಗೆಯೊಳಗಿನ ಭಾಗ. ತಮಿಳಿನ "ಅಱೈ" ಇದರ ನಂಟನೇ.

*

ಉತ್ತರ 3

> ಬಿಗಿ, ಬಿಗಿತ, ಬೀಗ

ಉಲಿ ಹತ್ತಿರ ಇದೆ ಅಂದ ಮಾತ್ರಕ್ಕೆ ನಂಟು ಕೂಡುವುದಿಲ್ಲ. ಹಾಗೆ ಹೊರಟರೆ "ಬೀಗು" ಇದೆ, "ಬೀಗರು" ಇದ್ದಾರೆ. ಎಲ್ಲರನ್ನೂ ಒಂದೇ ಗೊಂಚಲಿಗೆ ಕಟ್ಟುತ್ತೀರಾ? ಬಿಗಿಯ ಮೊದಲಕ್ಷರ ಬೀಗದಲ್ಲಿ ಯಾಕೆ ಉದ್ದವಾಯಿತು ಅಂತ ತೋರಿಸಿ, ಆಮೇಲೆ ನಂಬುತ್ತೇನೆ.

ಇನ್ನು "ಇಷ್ಟು ಅಂದದ ಪದ ಬೇರೆ ನುಡಿಯಲ್ಲಿ ಇದೆಯೇ" ಅನ್ನುವ ಮಾತು. ಇದೆ. ತೆಲುಗಿನಲ್ಲಿ ಕೀಗೆ "ತಾಳಂ ಚೆವಿ" ಅನ್ನುತ್ತಾರೆ, ಬೀಗದ ಕಿವಿ. ನಮಗೆ ಅದು ಕೈ, ಅವರಿಗೆ ಕಿವಿ. ತಮಿಳಿನ ಹಳೆಯ ಪದ "ತಿರವುಕೋಲ್", ತೆರೆಯುವ ಕೋಲು. ಪೋರ್ಚುಗೀಸರ "ಚಾವೆ"ಯಿಂದ ಹಿಂದಿಗೆ ಚಾಬಿ, ತಮಿಳಿಗೆ ಸಾವಿ, ನಮಗೆ ಚಾವಿ ಬಂತು. ಅದರ ಜೊತೆಯಲ್ಲೇ "ಅಲಮಾರು" ಕೂಡ ಬಂತು. ಅಲಮಾರು ಅನ್ನುವಾಗ ಯಾರ ನಾಲಿಗೆಯೂ ತಡೆಯುವುದಿಲ್ಲ. ಚಾವಿ ಮಾತ್ರ ಯಾಕೆ ಚುಚ್ಚಬೇಕು?

ಕೇಳಿದವರಿಗೆ ಒಂದು ಎಚ್ಚರಿಕೆ. "ಕೀಲಿ" ಅಂತ ಬಿಡಿಯಾಗಿ ಬರೆಯಬೇಡಿ. ಉತ್ತರ ಕರ್ನಾಟಕದಲ್ಲಿ ಕೀಲಿ ಅಂದರೆ ಬೀಗ, ಕೀಲಿಕೈ ಅಂದರೆ ನಿಮ್ಮ ಕೀ. "ಬಾಗಿಲಿಗೆ ಕೀಲಿ ಹಾಕು" ಅಂದರೆ ಬೀಗ ಹಾಕು ಅಂತ. ನಿಮ್ಮ ಫಲಕವನ್ನು ಅಲ್ಲಿಯವರು ಓದಿದರೆ ಬೀಗವೇ ಕಳೆದುಹೋಗಿದೆ ಅಂದುಕೊಳ್ಳುತ್ತಾರೆ.

"ಒಳಯರೆ" ಯಾರಿಗೆ ಅರ್ಥವಾಗುತ್ತದೆ? ಇಂದಿನ ಓದುಗರಿಗೆ ಅರೆ ಅಂದರೆ ಅರ್ಧ. ಅರೆಬೆಂದ, ಅರೆಮನಸ್ಸು. "ಒಳಖಾನೆ" ಅನ್ನಿ, ಮುಗಿಯಿತು.

*

ಉತ್ತರ 2ರವರು ಮತ್ತೆ

"ಒಳಖಾನೆ" ಅರಿಸಮಾಸ. ಕನ್ನಡದ "ಒಳ"ಕ್ಕೆ ಪಾರಸಿಯ "ಖಾನೆ". ಒಪ್ಪುವುದಿಲ್ಲ.

*

ಉತ್ತರ 4

ಅರಿಸಮಾಸ ಅನ್ನುವ ಮಾತನ್ನು ಇಲ್ಲಿಗೆ ತರಬೇಡಿ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ಆ ಕಟ್ಟಳೆ ಹೇಳಿದ್ದು ಕನ್ನಡ ಮತ್ತು ಸಂಸ್ಕೃತ ಪದಗಳನ್ನು ಬೆರೆಸುವುದರ ಬಗ್ಗೆ. ಬಿರುದುಗಳಿಗೆ, ಹಿಂದಿನವರು ಬಳಸಿದ್ದಕ್ಕೆ ಅವನೇ ವಿನಾಯಿತಿ ಕೊಟ್ಟಿದ್ದಾನೆ. ನಾವೆಲ್ಲರೂ ದಿನವೂ ಅನ್ನುವ "ಮಳೆಗಾಲ" ಕನ್ನಡದ ಮಳೆಗೆ ಸಂಸ್ಕೃತದ ಕಾಲ ಸೇರಿ ಆದದ್ದು. ಅದನ್ನು ಬಿಡುತ್ತೀರಾ?

ನನಗೆ ಇದಕ್ಕಿಂತ ಜಾಸ್ತಿ ಕುತೂಹಲದ ವಿಷಯ ಬೇರೆ ಇದೆ. ಮಳೆ+ಕಾಲ ಮಳೆಗಾಲ ಆಯಿತು. ಬೆಟ್ಟ+ತಾವರೆ ಬೆಟ್ಟದಾವರೆ ಆಯಿತು. ಹಾಗಾದರೆ ಕೀಲಿ+ಕೈ ಯಾಕೆ "ಕೀಲಿಗೈ" ಆಗಲಿಲ್ಲ? ಆದೇಶ, ಅಂದರೆ ಕಕಾರ ಗಕಾರವಾಗುವ ಸಂಧಿ, ಆಗಬೇಕಿತ್ತು, ಆಗಿಲ್ಲ. ಎರಡೂ ಪದ ಇನ್ನೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತಿವೆ ಅಂತ ನನ್ನ ಊಹೆ. "ಬೀಗದ ಕೈ"ಯಲ್ಲಿ ಆ ತೊಡಕೇ ಇಲ್ಲ, ನಡುವೆ ವಿಭಕ್ತಿ ಇದೆ. ಅದನ್ನು ಬಿಡಿಸಿಯೇ ಬರೆಯಿರಿ, ಕೂಡಿಸಬೇಡಿ.

*

ಉತ್ತರ 5

ನಾನು ಬೀಗಗಳ ಕೆಲಸ ಬಲ್ಲವನು. ಪದಗಳ ವಿಷಯದಲ್ಲಿ ನೀವೆಲ್ಲ ನನಗಿಂತ ತಿಳಿದವರು. ಆದರೆ ಇಲ್ಲಿಯವರೆಗೆ ಯಾರೂ ಆ ಬೀಗವನ್ನು ನೋಡಿ ಮಾತಾಡಿಲ್ಲ ಅನ್ನಿಸಿತು. ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಅಂಥ ತಿಜೋರಿಯ ಒಳಗಡೆ ಸಾಮಾನ್ಯವಾಗಿ ಇರುವುದು ಲಿವರ್ ಬೀಗ. ಒಳಗೆ ಲಿವರ್ ಅನ್ನುವ ತೆಳು ತಗಡುಗಳು ಒಂದರ ಮೇಲೊಂದು ಕೂತಿರುತ್ತವೆ. ಕೀಯ ಪ್ರತಿ ಹಲ್ಲೂ ಒಂದೊಂದು ತಗಡನ್ನು ಎತ್ತುತ್ತದೆ. ಎಲ್ಲವೂ ಸರಿಯಾದ ಎತ್ತರಕ್ಕೆ ಬಂದರೆ ಮಾತ್ರ ಅಗುಳಿ ಸರಿಯುತ್ತದೆ. ಕಡಿಮೆ ಎತ್ತಿದರೂ ಆಗದು, ಹೆಚ್ಚು ಎತ್ತಿದರೂ ಆಗದು. ಈ ಉಪಾಯಕ್ಕೆ 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಪೇಟೆಂಟ್ ಪಡೆದ. 1818ರಲ್ಲಿ ಜೆರೆಮಿಯಾ ಚಬ್ ಇನ್ನೊಂದು ಹೆಜ್ಜೆ ಮುಂದೆ ಹೋದ. ತಪ್ಪು ಕೀ ಹಾಕಿ ಒಂದು ತಗಡನ್ನು ಅತಿಯಾಗಿ ಎತ್ತಿದರೆ ಅವನ ಬೀಗ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಸರಿಯಾದ ಕೀ ಕೂಡ ಒಮ್ಮೆಲೇ ತೆರೆಯುವುದಿಲ್ಲ. ಯಾರೋ ಕೈ ಹಾಕಿದ್ದಾರೆ ಅಂತ ಒಡೆಯನಿಗೆ ತಿಳಿಯಲಿ ಅಂತಲೇ ಹಾಗೆ ಮಾಡಿದ್ದು.

ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ಫಲಕದಲ್ಲಿ "ಬಲಪ್ರಯೋಗ ನಿಷಿದ್ಧ" ಅಂತ ಮಾತ್ರ ಇದೆ. ಹಳೆಯ ಬೀಗಗಳು ಕೆಡುವುದು ಬಲದಿಂದ ಮಾತ್ರವಲ್ಲ. "ಇದೊಂದು ಹಾಕಿ ನೋಡೋಣ" ಅಂತ ಗೊಂಚಲಿನ ಕೀಗಳನ್ನು ಒಂದೊಂದಾಗಿ ತೂರಿಸುವುದರಿಂದಲೂ ಕೆಡುತ್ತವೆ. ಅಂಥವರು ತಾವು ಬಲಪ್ರಯೋಗ ಮಾಡುತ್ತಿದ್ದೇವೆ ಅಂತ ಅಂದುಕೊಳ್ಳುವುದೇ ಇಲ್ಲ. ಆದ್ದರಿಂದ "ಬೇರೆ ಕೀ ಹಾಕಿ ನೋಡಬೇಡಿ" ಅಂತ ಸೇರಿಸಿ. "ಬಲಪ್ರಯೋಗ"ದ ಬದಲು ಮಾಡಬಾರದ ಕೆಲಸವನ್ನೇ ಹೇಳಿ. ಮೀಟಬೇಡಿ, ಕೊರೆಯಬೇಡಿ.

ಈಗ "ನಕಲು" ಪದಕ್ಕೆ ಬರೋಣ. ನಕಲು ಮಾಡಲು ಮೂಲ ಕೈಯಲ್ಲಿರಬೇಕು, ಅಲ್ವಾ? ಇಲ್ಲಿ ಮೂಲವೇ ಇಲ್ಲ. ಬೀಗವನ್ನು ಓದಿ ಕೀ ಮಾಡಬೇಕು. ಬಾಗಿಲು ತೆರೆದಿದ್ದರೆ ಸುಲಭ. ಒಳಗಿನಿಂದ ತಿರುಪು ಬಿಚ್ಚಿ, ಬೀಗವನ್ನು ಹೊರತೆಗೆದು, ತಗಡುಗಳನ್ನು ನೋಡಿ ಹಲ್ಲು ಕಡಿಯಬಹುದು. ನಿಮ್ಮದು ಮುಚ್ಚಿದೆ. ಆಗ ಹಲ್ಲು ಕಡಿಯದ ಕೀಗೆ ದೀಪದ ಮಸಿ ಹಿಡಿಸುತ್ತಾರೆ. ಬೀಗದೊಳಗೆ ಹಾಕಿ ಮೆಲ್ಲಗೆ ಒತ್ತಿ ತಿರುಗಿಸುತ್ತಾರೆ. ತಗಡು ತಾಗಿದಲ್ಲಿ ಮಸಿಯ ಮೇಲೆ ಗುರುತು ಬೀಳುತ್ತದೆ. ಅಷ್ಟನ್ನೇ ಅರದಿಂದ ಉಜ್ಜಿ ಮತ್ತೆ ಹಾಕುತ್ತಾರೆ, ಮತ್ತೆ ಉಜ್ಜುತ್ತಾರೆ. ಗಂಟೆಗಟ್ಟಲೆ ತಾಳ್ಮೆಯ ಕೆಲಸ ಅದು. ಬೀಗದ ತೂತಿನ ನಡುವೆ ಕಡ್ಡಿಯೊಂದು ಕಂಡರೆ ಕೀಯ ಕಾಲು ಟೊಳ್ಳಾಗಿರಬೇಕು, ಇಲ್ಲದಿದ್ದರೆ ಗಟ್ಟಿ. ಇಷ್ಟೆಲ್ಲ ಆದ ಮೇಲೆ ಬರುವುದು ನಕಲಲ್ಲ, ಹೊಸ ಕೀ. ಅದಕ್ಕೆ ಬೇರೆ ಹೆಸರೇ ಬೇಕಾಗಿಲ್ಲ. "ಹೊಸ" ಸಾಕು.

"ಬದಲಿ ಕೀ" ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಅದನ್ನು ಓದಿದವರು ಬೀಗವನ್ನೂ ಬದಲಿಸುತ್ತಿದ್ದೀರಿ ಅಂದುಕೊಳ್ಳಬಹುದು. ಹಳೆಯ ತಿಜೋರಿಗೆ ಬೀಗ ಬದಲಿಸಿದರೆ ಅದರ ಅರ್ಧ ಜೀವ ಹೋದ ಹಾಗೆ. "ಹಳೆಯ ಬೀಗಕ್ಕೇ ಹೊಸ ಕೀ" ಅಂತ ಬರೆಯಿರಿ. ಆ "ಕ್ಕೇ" ಮುಖ್ಯ.

ಕೊನೆಯದು, ಒಳಭಾಗದ ಹೆಸರು. ಅರೆ, ಖಾನೆ, ಗೂಡು ಅಂತ ಹುಡುಕುತ್ತಿದ್ದೀರಿ. "ಒಳಪೆಟ್ಟಿಗೆ" ಅಂದರೆ ಯಾರಾದರೂ ಅದನ್ನು ಹೊರಗೆ ಎಳೆಯಲು ನೋಡುತ್ತಾರೆ. ಅದು ಒಳಮೈಗೆ ಗಟ್ಟಿಯಾಗಿ ಸೇರಿಸಿರುವಂಥದ್ದು. ಆದರೆ ಬೀಗ ಇರುವುದು ಯಾವುದಕ್ಕೆ? ಬಾಗಿಲಿಗೆ. ಹಾಗಾದರೆ "ಒಳಬಾಗಿಲಿನ ಬೀಗದ ಕೈ" ಅಂದರೆ ಆಗಲಿಲ್ಲವೇ?

*

ಉತ್ತರ 4ರವರು ಮತ್ತೆ

"ಒಳಬಾಗಿಲು". ಸರಿ. ನಾವೆಲ್ಲ ಬಾಗಿಲ ಮುಂದೆಯೇ ನಿಂತು ಕೋಣೆಗೆ ಹೆಸರು ಹುಡುಕುತ್ತಿದ್ದೆವು.

*

ಉತ್ತರ 2ರವರು ಮತ್ತೆ

ಒಳಬಾಗಿಲು ಒಪ್ಪಿದೆ. ಆದರೆ ಬೀಗ ಬಲ್ಲವರು "ಲಿವರ್" ಅಂದದ್ದು ಬೇಸರ ತಂದಿತು. ಕನ್ನಡದಲ್ಲಿ "ಸನ್ನೆ" ಇದೆ. ಸನ್ನೆಗೋಲು ಗೊತ್ತಿಲ್ಲದ ಮಕ್ಕಳಿಲ್ಲ. ಒಂದೊಂದು ಪದ ಬಿಟ್ಟುಕೊಡುತ್ತಾ ಹೋದರೆ ಕೊನೆಗೆ ನಮ್ಮಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ನಾನು ಇದನ್ನು ಸುಮ್ನೆ ಹೇಳುತ್ತಿಲ್ಲ. ನಮ್ಮ ಮನೆಯ ಮಕ್ಕಳಿಗೆ "ಅಗುಳಿ" ಗೊತ್ತಿಲ್ಲ, "ಚಿಲಕ" ಗೊತ್ತಿಲ್ಲ. ಎರಡಕ್ಕೂ "ಲಾಕ್" ಅನ್ನುತ್ತಾರೆ. ಎರಡು ಬೇರೆ ವಸ್ತು, ಒಂದೇ ಹೆಸರು. ಇದು ನಷ್ಟವಲ್ಲವೇ?

*

ಉತ್ತರ 5ರವರು ಮತ್ತೆ

ಅಗುಳಿ, ಚಿಲಕದ ಬಗ್ಗೆ ನಿಮ್ಮ ನೋವು ನನ್ನದೂ ಹೌದು. ಎರಡಕ್ಕೂ ಒಂದೇ ಹೆಸರಾದರೆ ನನ್ನ ಕೆಲಸವೂ ಕೆಡುತ್ತದೆ.

ಆದರೆ "ಸನ್ನೆ" ಬೇಡ. ಸನ್ನೆಗೋಲು ಅಂದರೆ ಕಲ್ಲು ಮೀಟುವ ಉದ್ದನೆಯ ಕೋಲು. ಬೀಗದೊಳಗಿನ ತಗಡನ್ನು ನೋಡಿದವರು ಯಾರೂ ಅದನ್ನು ಕೋಲು ಅನ್ನುವುದಿಲ್ಲ. ಬೀಗದ ಮೇಲೆ "7 ಲಿವರ್" ಅಂತ ಕೊರೆದಿರುತ್ತದೆ. ಕೆಲಸ ಮಾಡುವವರೂ ಕೊಳ್ಳುವವರೂ ಅದನ್ನೇ ಹೇಳುತ್ತಾರೆ. ಮೀಟಬೇಡಿ ಅಂತ ಬರೆಯುವ ಫಲಕದ ಪಕ್ಕದಲ್ಲೇ ಸನ್ನೆ ಅನ್ನುವುದು ನನಗೆ ಸರಿ ಕಾಣಲಿಲ್ಲ.

*

ಉತ್ತರ 3ರವರು ಮತ್ತೆ

ಅಚ್ಚಗನ್ನಡದವರಿಗೆ ಎರಡು ಮಾತು. ನೀವು ಉಳಿಸಬೇಕು ಅನ್ನುವ "ಅಗುಳಿ" ಸಂಸ್ಕೃತದ "ಅರ್ಗಲ"ದಿಂದ ಬಂದದ್ದು. "ಪೆಟ್ಟಿಗೆ"ಯ ಪಕ್ಕದಲ್ಲೇ ಸಂಸ್ಕೃತದ "ಪೇಟಿಕಾ" ನಿಂತಿದೆ, ಯಾರಿಂದ ಯಾರಿಗೆ ಹೋಯಿತು ಅನ್ನುವ ಜಗಳ ಬೇರೆಯೇ ಇದೆ. "ಫಲಕ" ಬಿಟ್ಟು "ಹಲಗೆ" ಅಂದರೂ ತಪ್ಪಿಸಿಕೊಳ್ಳಲಾಗದು, ಹಲಗೆ ಅದೇ ಫಲಕದ ತದ್ಭವ. ನಮಗೆ ಆಪ್ತವಾದ ಪದ ಅಂದರೆ ಸಾಲ ತಂದದ್ದು ಮರೆತುಹೋದ ಪದ, ಅಷ್ಟೇ.

"ಕಬ್ಬಿಣದ ಪೆಟ್ಟಿಗೆ"ಗೆ ನನ್ನ ವಿರೋಧವಿಲ್ಲ. ಆದರೆ ಆ ಪದ ಈಗ ಯಾರಿಗೂ ಗೊತ್ತಿಲ್ಲದಿದ್ದರೆ? ಕಬ್ಬಿಣದ ಟ್ರಂಕನ್ನೂ ಹಾಗೇ ಕರೆಯಬಹುದಲ್ಲ.

*

ಉತ್ತರ 2ರವರು ಮತ್ತೆ

ಮರೆತದ್ದನ್ನು ನೆನಪಿಸುವುದಕ್ಕೇ ಫಲಕ ಇರುವುದು. ಎದುರಿಗೆ ವಸ್ತು ಇದೆ, ಕೆಳಗೆ ಹೆಸರು ಇದೆ. ಪದ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಯಾವುದು? ತಿಜೋರಿಯನ್ನು ನೋಡುತ್ತಾ ಟ್ರಂಕು ಅಂದುಕೊಳ್ಳುವವರು ಯಾರಿದ್ದಾರೆ? ಅಗುಳಿಯ ವಿಷಯ ನನಗೂ ಗೊತ್ತು. ಅದು ನಮ್ಮ ಬಾಯಿಗೆ ಬಂದು ನಮ್ಮ ರೂಪ ಪಡೆಯಿತು. "ಲಾಕ್" ಇನ್ನೂ ಪಡೆದಿಲ್ಲ.

*

ಕೇಳಿದವರು

ಎಲ್ಲರಿಗೂ ಋಣಿ. ಎರಡು ಸಲ ತಿದ್ದಿದೆ. ಒಂದು ಪ್ರತಿಯನ್ನು ಆ ಕೊಠಡಿ ನೋಡಿಕೊಳ್ಳುವವರಿಗೆ ಓದಿ ಹೇಳಿದೆ. "ಕೀ" ಇದ್ದ ಕಡೆ ಅವರೇ "ಬೀಗದ ಕೈ" ಅಂತ ತಿರುಗಿಸಿ ಹೇಳಿದರು, ಹಾಗಾಗಿ ಅದು ಉಳಿಯಿತು. "ಕಬ್ಬಿಣದ ಪೆಟ್ಟಿಗೆ" ಅಂದಾಗ ಅವರು ತಿಜೋರಿಯ ಕಡೆಗೇ ತಿರುಗಿ ನೋಡಿದರು. ಅದೂ ಉಳಿಯಿತು. ಪಕ್ಕದ ವಿವರದ ಚೀಟಿಯಲ್ಲಿ ಮಾತ್ರ "ತಿಜೋರಿ" ಅಂತ ಒಮ್ಮೆ ಇರುತ್ತದೆ. ಹುಡುಕಿಕೊಂಡು ಬರುವವರು ಆ ಹೆಸರಿನಿಂದಲೇ ಬರುತ್ತಾರೆ. "ಲಿವರ್" ಕೂಡ ಆ ಚೀಟಿಯಲ್ಲೇ ಇದೆ.

ನಾಳೆ ಕೊರೆಯಲು ಕೊಡುತ್ತಿರುವುದು:

"ಈ ಕಬ್ಬಿಣದ ಪೆಟ್ಟಿಗೆಯ ಒಳಬಾಗಿಲಿನ ಬೀಗದ ಕೈ ಕಳೆದುಹೋಗಿದೆ.
ಹಳೆಯ ಬೀಗಕ್ಕೇ ಹೊಸ ಕೈ ಮಾಡಿಸುತ್ತಿದ್ದೇವೆ.
ಬೇರೆ ಕೈ ಹಾಕಿ ನೋಡಬೇಡಿ. ಮೀಟಬೇಡಿ, ಕೊರೆಯಬೇಡಿ."

ಮೂರನೆಯ ಸಾಲಿನ "ಬೇರೆ ಕೈ ಹಾಕಿ" ಅನ್ನುವುದು ಒಂಟಿಯಾಗಿ ಓದಿದರೆ ತೊಡಕಾಗಬಹುದೇ? ಅಲ್ಲಿ "ಬೇರೆ ಬೀಗದ ಕೈ" ಅಂತ ಪೂರ್ತಿ ಬರೆದರೆ ಸಾಲು ಉದ್ದವಾಗುತ್ತದೆ. ಬೆಳಿಗ್ಗೆ ಹತ್ತರೊಳಗೆ ಯಾರಾದರೂ ಹೇಳಿ.

*

ಉತ್ತರ 1ರವರು ಮತ್ತೆ

ಪೂರ್ತಿ ಬರೆಯಿರಿ. "ಬೇರೆ ಕೈ ಹಾಕಿ" ಅಂದರೆ ಎಡಗೈ ಹಾಕಬಹುದೇ ಅಂತ ಕೇಳುತ್ತಾರೆ. ಸಾಲು ಉದ್ದವಾದರೆ ಅಕ್ಷರ ಸ್ವಲ್ಪ ಚಿಕ್ಕದು ಮಾಡಿಸಿ.